ಮೇ 9ಕ್ಕೆ ಎಲ್ಲಿಗೆ ಹೋಗಬೇಕು? ಸ್ಲೊವಾಕಿಯಾದ ಕ್ರಿಶ್ಚಿಯನ್ ಡೆಮಾಕ್ರಾಟರ ಲೆಕ್ಕಾಚಾರ

2025ರ ಮೇ 9ರಂದು ಸ್ಲೊವಾಕಿಯಾದ ಪ್ರಧಾನಿ ರಾಬರ್ಟ್ ಫಿಕೊ ಮಾಸ್ಕೋದಲ್ಲಿದ್ದರು. ಎರಡನೇ ಮಹಾಯುದ್ಧ ಮುಗಿದು 80 ವರ್ಷ ಆಯಿತೆಂದು ಪುಟಿನ್ ಇಟ್ಟುಕೊಂಡಿದ್ದ ಸಮಾರಂಭ ಅದು. ಯುರೋಪಿಯನ್ ಒಕ್ಕೂಟದ 27 ದೇಶಗಳ ಪೈಕಿ ಅಲ್ಲಿಗೆ ಹೋದ ಸರ್ಕಾರದ ಮುಖ್ಯಸ್ಥರು ಅವರೊಬ್ಬರೇ. ಬಾಲ್ಟಿಕ್ ದೇಶಗಳು ತಮ್ಮ ಆಕಾಶದಲ್ಲಿ ಅವರ ವಿಮಾನ ಹಾರಲು ಬಿಡಲಿಲ್ಲ. ಸುತ್ತು ಹಾಕಿಕೊಂಡಾದರೂ ಹೋದರು.

ಅದೇ ಮೇ 9 ಯುರೋಪಿನ ಕ್ಯಾಲೆಂಡರಿನಲ್ಲಿ ಬೇರೊಂದು ಕಾರಣಕ್ಕೆ ದೊಡ್ಡ ದಿನ. 1950ರಲ್ಲಿ ಅವತ್ತು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್ ಒಂದು ಪ್ರಸ್ತಾವ ಮುಂದಿಟ್ಟರು. ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು, ಉಕ್ಕು ಎರಡನ್ನೂ ಒಂದೇ ಆಡಳಿತದ ಕೆಳಗೆ ತರೋಣ ಎಂದರು. ಫಿರಂಗಿ ಮಾಡುವ ಉಕ್ಕೇ ಜಂಟಿಯಾದರೆ ಒಬ್ಬರ ಮೇಲೊಬ್ಬರು ಯುದ್ಧಕ್ಕೆ ಹೋಗುವುದು ಹೇಗೆ? ಇವತ್ತಿನ ಯುರೋಪಿಯನ್ ಒಕ್ಕೂಟದ ಬೇರು ಅಲ್ಲಿದೆ. ಶೂಮನ್ ದಿನವೂ ಪ್ರಾರ್ಥನೆಗೆ ಹೋಗುತ್ತಿದ್ದ ಕ್ಯಾಥೊಲಿಕ್. ಅವರನ್ನು ಸಂತರನ್ನಾಗಿಸುವ ದಾರಿಯಲ್ಲಿ ವ್ಯಾಟಿಕನ್ 2021ರಲ್ಲಿ ಒಂದು ಮೆಟ್ಟಿಲು ದಾಟಿಸಿತು. ರಾಜಕೀಯದಲ್ಲಿ ಅವರು ಕ್ರಿಶ್ಚಿಯನ್ ಡೆಮಾಕ್ರಾಟ್.

ಹಾಗಾಗಿ ಸ್ಲೊವಾಕಿಯಾದ ಕ್ರಿಶ್ಚಿಯನ್ ಡೆಮಾಕ್ರಾಟರ ಪಕ್ಷವಾದ ಕೆಡಿಎಚ್‌ಗೆ ಪ್ರಧಾನಿಯ ಆ ಪ್ರಯಾಣ ಬರೀ ಪ್ರೋಟೋಕಾಲ್ ವಿಷಯವಾಗಿರಲಿಲ್ಲ. 54 ಲಕ್ಷ ಜನರ ದೇಶ, ಅಂದರೆ ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ ಜನ. ಅಂಥ ದೇಶ ಯಾರ ಪಕ್ಕ ನಿಲ್ಲಬೇಕು, ಯಾಕೆ ನಿಲ್ಲಬೇಕು ಅನ್ನುವ ಮೂಲ ಜಗಳವೇ ಇದು. ಈ ಜಗಳದಲ್ಲಿ ಯುರೋಪಿನ, ಉಕ್ರೇನಿನ ಪಕ್ಕ ನಿಲ್ಲಬೇಕು ಎಂದು ಕೆಡಿಎಚ್ ಹೇಳುವುದು ಹೆಚ್ಚುಕಮ್ಮಿ ಸರಿ ಎಂದು ನನಗೆ ಅನ್ನಿಸುತ್ತದೆ. ಆದರೆ ಅದೇ ಪಕ್ಷ ತನ್ನ ವಾದದ ಬುಡಕ್ಕೆ ತಾನೇ ಕೊಡಲಿ ಹಾಕಿಕೊಂಡಿದೆ. ಅದನ್ನು ಆಮೇಲೆ ನೋಡೋಣ.

ಮೊದಲು ಫಿಕೊ ಏನು ಹೇಳುತ್ತಾರೆ ಅಂತ ತಿಳಿಯಬೇಕು. 2023ರ ಅಕ್ಟೋಬರ್‌ನಲ್ಲಿ ನಾಲ್ಕನೇ ಸಲ ಪ್ರಧಾನಿಯಾದ ಮೇಲೆ ಅವರು ತಮ್ಮ ನೀತಿಗೆ ಕೊಟ್ಟ ಹೆಸರು 'ನಾಲ್ಕೂ ದಿಕ್ಕಿನ ವಿದೇಶಾಂಗ ನೀತಿ'. ಬ್ರಸೆಲ್ಸ್ (ಯುರೋಪಿಯನ್ ಒಕ್ಕೂಟದ ಕೇಂದ್ರ), ಮಾಸ್ಕೋ, ಬೀಜಿಂಗ್, ಎಲ್ಲರ ಜೊತೆಗೂ ಮಾತು, ಎಲ್ಲರ ಜೊತೆಗೂ ವ್ಯಾಪಾರ. ಉಕ್ರೇನಿಗೆ ಸೇನೆಯ ದಾಸ್ತಾನಿನಿಂದ ಹೋಗುತ್ತಿದ್ದ ಶಸ್ತ್ರಗಳನ್ನು ನಿಲ್ಲಿಸಿದರು. ಹಿಂದಿನ ಸರ್ಕಾರ ಎಸ್-300 ಕ್ಷಿಪಣಿ ವ್ಯವಸ್ಥೆಯನ್ನೂ 13 ಮಿಗ್-29 ವಿಮಾನಗಳನ್ನೂ ಕೊಟ್ಟಿತ್ತು. ಕಂಪನಿಗಳು ದುಡ್ಡಿಗೆ ಮಾರುವ ಮದ್ದುಗುಂಡನ್ನು ಮಾತ್ರ ಫಿಕೊ ತಡೆಯಲಿಲ್ಲ. ತತ್ವ ಒಂದು ಕಡೆ, ಗಲ್ಲಾಪೆಟ್ಟಿಗೆ ಇನ್ನೊಂದು ಕಡೆ. 2024ರ ಡಿಸೆಂಬರ್ 22ರಂದು ಗ್ಯಾಸ್ ವಿಷಯ ಮಾತಾಡಲು ಮಾಸ್ಕೋಗೆ ಹೋದರು. 2025ರ ಸೆಪ್ಟೆಂಬರ್‌ನಲ್ಲಿ ಬೀಜಿಂಗಿನ ಸೇನಾ ಪೆರೇಡಿಗೆ ಹೋದರು. ನಡುವೆ ಜೂನ್‌ನಲ್ಲಿ, ತಟಸ್ಥವಾಗಿ ಇರುವುದೇ ಸ್ಲೊವಾಕಿಯಾಗೆ ಒಳ್ಳೆಯದೇನೋ ಎಂದೂ ಹೇಳಿದರು.

ನಮಗೆ ಇದು ಎಲ್ಲೋ ಕೇಳಿದ ಮಾತು ಅನ್ನಿಸುತ್ತದೆ, ಅಲ್ವಾ? ಯುರೋಪಿನ ಸಮಸ್ಯೆ ಜಗತ್ತಿನ ಸಮಸ್ಯೆ, ಜಗತ್ತಿನ ಸಮಸ್ಯೆ ಮಾತ್ರ ಯುರೋಪಿನದಲ್ಲ ಅನ್ನುವ ಮನೋಭಾವದಿಂದ ಯುರೋಪ್ ಹೊರಗೆ ಬರಬೇಕು ಎಂದು ನಮ್ಮ ಜೈಶಂಕರ್ ಹೇಳಿದ ಮಾತು ವಾಟ್ಸಾಪಿನಲ್ಲೆಲ್ಲ ಓಡಾಡಿತಲ್ಲ, ಅದನ್ನು ಅವರು ಹೇಳಿದ್ದು ಇದೇ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾದಲ್ಲಿ, 2022ರ ಜೂನ್‌ನಲ್ಲಿ. ಹಾಗಾಗಿ ಭಾರತದ ಓದುಗರಿಗೆ ಫಿಕೊ ಬಗ್ಗೆ ತಟ್ಟನೆ ಒಂದು ಒಲವು ಹುಟ್ಟಬಹುದು. ಭಾರತ ಮಾಡಿದರೆ ಜಾಣತನ, ಸ್ಲೊವಾಕಿಯಾ ಮಾಡಿದರೆ ದ್ರೋಹವಾ?

ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಬರುವುದಿಲ್ಲ. ಭಾರತ 140 ಕೋಟಿ ಜನರ, ಅಣ್ವಸ್ತ್ರ ಇರುವ ದೇಶ. ಯಾವ ಸೇನಾ ಕೂಟಕ್ಕೂ ಸಹಿ ಹಾಕಿಲ್ಲ. ಸ್ಲೊವಾಕಿಯಾ 2004ರಲ್ಲಿ ನೇಟೋ ಮತ್ತು ಯುರೋಪಿಯನ್ ಒಕ್ಕೂಟ ಎರಡಕ್ಕೂ ತಾನೇ ಕೇಳಿಕೊಂಡು ಸೇರಿದ ದೇಶ. 2009ರಿಂದ ಅದರ ನಾಣ್ಯವೂ ಯೂರೋ. ಅದರ ರಫ್ತಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಒಕ್ಕೂಟದ ದೇಶಗಳಿಗೇ ಹೋಗುತ್ತದೆ. ಅಲ್ಲಿನ ಜೀವಾಳ ಕಾರು ಕಾರ್ಖಾನೆಗಳು: ಬ್ರಾಟಿಸ್ಲಾವಾದಲ್ಲಿ ಫೋಕ್ಸ್‌ವ್ಯಾಗನ್, ಜಿಲಿನಾದಲ್ಲಿ ಕಿಯಾ, ನಿತ್ರಾದಲ್ಲಿ ಟಾಟಾ ಒಡೆತನದ ಜಾಗ್ವಾರ್ ಲ್ಯಾಂಡ್ ರೋವರ್. ತಲಾವಾರು ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಕಾರು ತಯಾರಾಗುವ ದೇಶ ಇದು. ಟಾಟಾದವರು ನಿತ್ರಾದಲ್ಲಿ ಡಿಫೆಂಡರ್ ಮಾಡಿಸುವುದು ಸ್ಲೊವಾಕಿಯಾದವರಿಗೆ ಮಾರಲು ಅಲ್ಲ. ಯುರೋಪಿನ ಮಾರುಕಟ್ಟೆ ಬಾಗಿಲಲ್ಲೇ ಇದೆ ಅಂತ. ಆ ಬಾಗಿಲು ಗಟ್ಟಿಯಾಗಿದ್ದರೇ ನಾಲ್ಕು ದಿಕ್ಕಿನ ಮಾತಿಗೂ ಬೆಲೆ.

ಈಗ ಕೆಡಿಎಚ್ ಕಡೆ ಬರೋಣ. 'ಕ್ರಿಶ್ಚಿಯನ್' ಅಂತ ಹೆಸರಿರುವ ಪಕ್ಷ ಎಂದ ತಕ್ಷಣ ನಮಗೆ ಧರ್ಮದ ಹೆಸರಿನಲ್ಲಿ ಓಟು ಕೇಳುವ ಪಕ್ಷದ ಚಿತ್ರ ಬರುತ್ತದೆ. ಯುರೋಪಿನ ಕ್ರಿಶ್ಚಿಯನ್ ಡೆಮಾಕ್ರಸಿಯ ಕಥೆ ಸ್ವಲ್ಪ ಬೇರೆ. ಹಿಟ್ಲರ್, ಮುಸೊಲಿನಿ ಕಾಲದ ಬೂದಿಯಿಂದ ಎದ್ದು ಬಂದ ಚಳವಳಿ ಅದು. ಜರ್ಮನಿಯ ಅಡೆನಾವರ್, ಇಟಲಿಯ ದೆ ಗಾಸ್ಪೆರಿ, ಫ್ರಾನ್ಸಿನ ಶೂಮನ್ ಅದರ ದೊಡ್ಡ ಹೆಸರುಗಳು. ಶೂಮನ್ ಹುಟ್ಟಿದ್ದು ಲಕ್ಸೆಂಬರ್ಗಿನಲ್ಲಿ, ಮೊದಲು ಜರ್ಮನ್ ಪ್ರಜೆ, ಆಮೇಲೆ ಫ್ರೆಂಚ್. ದೆ ಗಾಸ್ಪೆರಿ ಇಟಲಿಗೆ ಬರುವ ಮುಂಚೆ ವಿಯೆನ್ನಾದ ಸಂಸತ್ತಿನಲ್ಲಿ ಕೂತವರು. ಗಡಿನಾಡಿನ ಜನ. ರಾಷ್ಟ್ರವೇ ಎಲ್ಲಕ್ಕಿಂತ ದೊಡ್ಡದು ಎಂಬ ಮಾತು ಎಲ್ಲಿಗೆ ಒಯ್ಯುತ್ತದೆ ಎಂದು ಕಣ್ಣಾರೆ ಕಂಡವರು. ಅವರ ಪ್ರಕಾರ ದೇಶಕ್ಕಿಂತ ಮುಂಚೆ ಮನುಷ್ಯ ಇದ್ದಾನೆ, ಮನೆಯಿದೆ, ಊರಿದೆ. ದೇಶದ ಮೇಲೂ ಒಂದು ಕಟ್ಟಳೆ ಇರಬೇಕು.

ಇನ್ನೊಂದು ಸೂತ್ರವೂ ಅವರದ್ದೇ. ಕೆಳಗಿನ ಹಂತದಲ್ಲಿ ಆಗುವ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳಬಾರದು. ಊರಿನವರು ಮಾಡುವುದನ್ನು ಸರ್ಕಾರ, ಸರ್ಕಾರ ಮಾಡುವುದನ್ನು ಬ್ರಸೆಲ್ಸ್ ಕೈಗೆ ತೆಗೆದುಕೊಳ್ಳಬಾರದು. 1931ರಲ್ಲಿ ಪೋಪ್ 11ನೇ ಪಿಯಸ್ ಬರೆದ ಸಾಮಾಜಿಕ ಸುತ್ತೋಲೆಯಲ್ಲಿ ಸ್ಪಷ್ಟ ರೂಪ ಪಡೆದ ಈ ವಿಚಾರ 1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಯುರೋಪಿನ ಕಾನೂನೇ ಆಯಿತು. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಎಲ್ಲ ತೊಡಕೂ ಬರುವುದು ಇಲ್ಲೇ.

ಸ್ಲೊವಾಕಿಯಾದಲ್ಲಿ ಕ್ರೈಸ್ತ ರಾಜಕೀಯಕ್ಕೆ ಒಂದು ಕರಾಳ ಅಧ್ಯಾಯವೂ ಇದೆ. ಅದನ್ನು ದಾಟಿ ಮುಂದೆ ಹೋದರೆ ಲೇಖನಕ್ಕೆ ಅರ್ಥವಿಲ್ಲ. 1939ರ ಮಾರ್ಚ್ 13ರಂದು ಯೋಜೆಫ್ ಟಿಸೊ ಎಂಬ ಕ್ಯಾಥೊಲಿಕ್ ಪಾದ್ರಿ ಬರ್ಲಿನ್ನಿನಲ್ಲಿ ಹಿಟ್ಲರನನ್ನು ಕಂಡರು. ಮರುದಿನವೇ ಸ್ಲೊವಾಕಿಯಾ ಸ್ವತಂತ್ರ ದೇಶ ಎಂದು ಘೋಷಣೆಯಾಯಿತು. ಹತ್ತೇ ದಿನದೊಳಗೆ ಜರ್ಮನಿಯ ಜೊತೆ 'ರಕ್ಷಣಾ ಒಪ್ಪಂದ'. ತನ್ನ ವಿದೇಶಾಂಗ ನೀತಿಯನ್ನು ಜರ್ಮನಿಯೊಂದಿಗೆ ಹೊಂದಿಕೊಂಡೇ ನಡೆಸುತ್ತೇನೆಂದು ಆ ಸಣ್ಣ ದೇಶ ಬರೆದುಕೊಟ್ಟಿತು. ಸೆಪ್ಟೆಂಬರ್ 1ರಂದು ಅದರ ಸೈನ್ಯ ಹಿಟ್ಲರನ ಜೊತೆ ಸೇರಿ ನೆರೆಯ ಪೋಲೆಂಡಿನ ಮೇಲೆ ಬಿತ್ತು. 1942ರಲ್ಲಿ ಸುಮಾರು 58 ಸಾವಿರ ಯಹೂದಿಗಳನ್ನು ರೈಲಿಗೆ ತುಂಬಿ ಕಳಿಸಿತು. ತಲೆಗೆ 500 ರೈಶ್‌ಮಾರ್ಕ್‌ನಂತೆ ಜರ್ಮನಿಗೆ ದುಡ್ಡನ್ನೂ ಕೊಡಲು ಒಪ್ಪಿಕೊಂಡಿತು. ಸಾಯಿಸಲು ಕಳಿಸಿದವರಿಗೆ 'ಪುನರ್ವಸತಿ'ಯ ಖರ್ಚು! ಟಿಸೊಗೆ 1947ರಲ್ಲಿ ಗಲ್ಲಾಯಿತು.

ಸಣ್ಣ ದೇಶವೊಂದು ಬಲಾಢ್ಯನ ನೆರಳು ಹುಡುಕಿ ಹೊರಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಅಲ್ಲಿನ ಜನಕ್ಕೆ ಬೇಕಿಲ್ಲ. ಪೂಜೆ, ಪ್ರಾರ್ಥನೆ, ಪಾದ್ರಿಯೇ ಅಧ್ಯಕ್ಷ, ಎಲ್ಲ ಇತ್ತು. ಮೇಲೊಂದು ಕಾನೂನಿನ ಭಯ ಮಾತ್ರ ಇರಲಿಲ್ಲ. ಯುದ್ಧಾನಂತರದ ಕ್ರಿಶ್ಚಿಯನ್ ಡೆಮಾಕ್ರಸಿ ಟಿಸೊ ಪರಂಪರೆಯ ಮುಂದುವರಿಕೆ ಅಲ್ಲ, ಅದಕ್ಕೆ ಉತ್ತರ. ಇದು ಸ್ಲೊವಾಕಿಯಾದ ಎಲ್ಲ ಭಕ್ತರಿಗೂ ಒಪ್ಪಿಗೆಯಾಗಿದೆ ಅಂತೇನಿಲ್ಲ. ಟಿಸೊನನ್ನು ಹೊಗಳುವವರು ಇವತ್ತಿಗೂ ಇದ್ದಾರೆ.

ಕೆಡಿಎಚ್ ಹುಟ್ಟಿದ್ದು ಬೇರೊಂದು ಮೂಲದಿಂದ. 1988ರ ಮಾರ್ಚ್ 25, ಶುಕ್ರವಾರ ಸಂಜೆ. ಆಗ ಸ್ಲೊವಾಕಿಯಾ ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದ ಭಾಗ. ಬ್ರಾಟಿಸ್ಲಾವಾದ ಹ್ವಿಯೆಜ್ದೊಸ್ಲಾವ್ ಚೌಕ. ಜಿಟಿಜಿಟಿ ಮಳೆ. ಸಾವಿರಾರು ಜನ ಕೈಯಲ್ಲಿ ಮೇಣದಬತ್ತಿ ಹಿಡಿದು ಸುಮ್ಮನೆ ನಿಂತರು. ಘೋಷಣೆ ಇಲ್ಲ, ಭಾಷಣ ಇಲ್ಲ. ಅರ್ಧ ಗಂಟೆ ನಿಲ್ಲುವುದು, ಹೋಗುವುದು, ಅಷ್ಟೇ ಯೋಜನೆ. ಫ್ರಾಂಟಿಶೆಕ್ ಮಿಕ್ಲೊಶ್ಕೊ ಎಂಬವರು ಅಧಿಕಾರಿಗಳಿಗೆ ಮೊದಲೇ ಬರೆದು ತಿಳಿಸಿದ್ದರು. ಖಾಲಿ ಬಿದ್ದ ಬಿಷಪ್ ಪೀಠಗಳನ್ನು ತುಂಬಿಸಿ, ಧರ್ಮ ಪಾಲಿಸಲು ಬಿಡಿ, ನಾಗರಿಕ ಹಕ್ಕು ಕೊಡಿ, ಇವು ಬೇಡಿಕೆಗಳು. ಪೊಲೀಸರು ಜನರ ನಡುವೆಯೇ ಕಾರು ನುಗ್ಗಿಸಿದರು, ಸೈರನ್ ಕೂಗಿಸಿದರು, ಜಲಫಿರಂಗಿ ಬಿಟ್ಟರು. ಜನ ಪ್ರಾರ್ಥನೆ ಹೇಳುತ್ತಾ ನಿಂತೇ ಇದ್ದರು. ಫಿಕೊ ಆ ಹೊತ್ತಿಗೆ ಕಮ್ಯುನಿಸ್ಟ್ ಪಕ್ಷದ ಸದಸ್ಯ.

ಇದರಲ್ಲಿ ವಿದೇಶಾಂಗ ನೀತಿ ಎಲ್ಲಿದೆ? ಸಾಕಷ್ಟಿದೆ. ಈ ಪ್ರತಿಭಟನೆಯ ಆಲೋಚನೆ ಶುರುವಾದದ್ದೇ ದೇಶ ಬಿಟ್ಟು ಹೋಗಿದ್ದ ಸ್ಲೊವಾಕರಿಂದ. ಸುದ್ದಿ ಹಬ್ಬಿಸಿದ್ದು ವಿದೇಶಿ ರೇಡಿಯೊಗಳು. ಬ್ರಾಟಿಸ್ಲಾವಾದಿಂದ ಸುಮಾರು 60 ಕಿಲೋಮೀಟರ್ ದೂರದ ವಿಯೆನ್ನಾದಲ್ಲಿ ಆಗ ಹೆಲ್ಸಿಂಕಿ ಒಪ್ಪಂದದ ಮುಂದುವರಿದ ಸಮ್ಮೇಳನ ನಡೆಯುತ್ತಿತ್ತು. ಮನುಷ್ಯರ ಹಕ್ಕನ್ನು ಗೌರವಿಸುತ್ತೇವೆ ಎಂದು 1975ರಲ್ಲಿ ಆ ಒಪ್ಪಂದಕ್ಕೆ ಚೆಕೊಸ್ಲೊವಾಕಿಯಾ ಸರ್ಕಾರವೂ ಸಹಿ ಹಾಕಿತ್ತು. ಕೈಲಾಗದವರ ಕೈಗೆ ಸಿಕ್ಕಿದ್ದು ಆ ಒಂದು ಕಾಗದ. 'ನಮ್ಮ ಮನೆ ವಿಷಯಕ್ಕೆ ಹೊರಗಿನವರು ತಲೆ ಹಾಕಬೇಡಿ' ಎಂದವರು ಜಲಫಿರಂಗಿ ಬಿಟ್ಟವರು. 'ತಲೆ ಹಾಕಿ' ಎಂದವರು ಮೇಣದಬತ್ತಿ ಹಿಡಿದವರು. ಕೆಡಿಎಚ್‌ನವರು ಅಂತರರಾಷ್ಟ್ರೀಯ ಕಾನೂನಿನ ಬಗ್ಗೆ ಮಾತಾಡುವಾಗ ಅದರ ಹಿಂದೆ ಈ ಅನುಭವ ಇದೆ.

1990ರಲ್ಲಿ ಪಕ್ಷ ಕಟ್ಟಿದವರು ವಕೀಲ ಯಾನ್ ಚಾರ್ನೊಗುರ್ಸ್ಕಿ. 1989ರ ಆಗಸ್ಟ್‌ನಲ್ಲಿ ಜೈಲಿಗೆ ಹೋಗಿ, ಕಮ್ಯುನಿಸ್ಟ್ ಆಡಳಿತ ಉರುಳಿಸಿದ ನವೆಂಬರ್ ಕ್ರಾಂತಿಯಲ್ಲಿ ಹೊರಗೆ ಬಂದು, ಡಿಸೆಂಬರ್‌ನಲ್ಲಿ ಚೆಕೊಸ್ಲೊವಾಕಿಯಾದ ಉಪಪ್ರಧಾನಿಯಾದವರು. ಯುರೋಪಿನ ಬಾವುಟದಲ್ಲಿ ಸ್ಲೊವಾಕಿಯಾಗೆ ತನ್ನದೇ ಒಂದು ನಕ್ಷತ್ರ ಬೇಕು ಎಂದು ಕನಸು ಕಂಡವರು ಅವರೇ. ಆದರೆ ಚೆಕೊಸ್ಲೊವಾಕಿಯಾ ಒಡೆದು ದೇಶ ಬೇರೆಯಾದ ಮೇಲೆ ಪ್ರಧಾನಿ ವ್ಲಾದಿಮಿರ್ ಮೆಚಿಯಾರ್ ಆಡಳಿತದಲ್ಲಿ ಅದು ಹಾದಿ ತಪ್ಪಿತು. 1995ರಲ್ಲಿ ದೇಶದ ಅಧ್ಯಕ್ಷರ ಮಗನನ್ನೇ ಅಪಹರಿಸಿ ಆಸ್ಟ್ರಿಯಾದಲ್ಲಿ ಬಿಟ್ಟು ಬಂದ ಪ್ರಕರಣ ಆ ಕಾಲದ್ದು. 1997ರಲ್ಲಿ ಪೋಲೆಂಡ್, ಚೆಕ್ ಗಣರಾಜ್ಯ, ಹಂಗೆರಿಗೆ ನೇಟೋ ಆಹ್ವಾನ ಬಂತು, ಸ್ಲೊವಾಕಿಯಾಗೆ ಬರಲಿಲ್ಲ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಮೇಡ್ಲಿನ್ ಆಲ್‌ಬ್ರೈಟ್ ಅದನ್ನು ಯುರೋಪಿನ ಕಪ್ಪು ರಂಧ್ರ ಎಂದರು. 1998ರಲ್ಲಿ ಪ್ರಧಾನಿಯಾಗಿ ದಾರಿ ಸರಿ ಮಾಡಿದ ಮಿಕುಲಾಶ್ ಜುರಿಂದಾ ಕೆಡಿಎಚ್‌ನಿಂದಲೇ ಬಂದವರು. ಒಕ್ಕೂಟ ಸೇರುವ ಮಾತುಕತೆಯಲ್ಲಿ ಸ್ಲೊವಾಕಿಯಾ ಪರವಾಗಿ ಮುಂದೆ ನಿಂತವರು ಇನ್ನೊಬ್ಬ ಕೆಡಿಎಚ್ ನಾಯಕ ಯಾನ್ ಫಿಗೆಲ್.

ಮೇಣದಬತ್ತಿಯಿಂದ ಬ್ರಸೆಲ್ಸ್‌ಗೆ ನೇರ ರಸ್ತೆ ಎಂದು ಇದನ್ನು ಓದಿಕೊಂಡರೆ ಚಾರ್ನೊಗುರ್ಸ್ಕಿ ಅಡ್ಡ ಬರುತ್ತಾರೆ. ಪಕ್ಷ ಕಟ್ಟಿದ ಇದೇ ಮನುಷ್ಯ ಮುಂದೆ ಸ್ಲೊವಾಕ್-ರಷ್ಯಾ ಸೊಸೈಟಿಯ ಅಧ್ಯಕ್ಷರಾದರು. ಮಾಸ್ಕೋ ಪರ ಮಾತಾಡುವವರಾದರು. ಕೊನೆಗೆ ಪಕ್ಷವನ್ನೇ ಬಿಟ್ಟರು. ಕಮ್ಯುನಿಸ್ಟರ ಜೈಲು ಕಂಡವರು ಅತ್ತ ವಾಲಿದ್ದು ಹೇಗೆ? ಪಶ್ಚಿಮ ದೇವರನ್ನು ಮರೆತಿದೆ, ರಷ್ಯಾ ಸಂಪ್ರದಾಯ ಉಳಿಸಿಕೊಂಡಿದೆ ಎಂಬ ನಂಬಿಕೆ ಪೂರ್ವ ಯುರೋಪಿನ ಬಹಳ ಭಕ್ತರಲ್ಲಿದೆ. ಹಂಗೆರಿಯ ವಿಕ್ಟರ್ ಒರ್ಬಾನ್ ಕೂಡ ತಾನು ಕಟ್ಟುತ್ತಿರುವುದು ಕ್ರಿಶ್ಚಿಯನ್ ಡೆಮಾಕ್ರಸಿ ಎಂದೇ ಹೇಳಿಕೊಂಡವರು. ಅವರ ಪಕ್ಷ 2021ರಲ್ಲಿ ಯುರೋಪಿನ ಕ್ರಿಶ್ಚಿಯನ್ ಡೆಮಾಕ್ರಾಟರ ದೊಡ್ಡ ಕೂಟವಾದ ಇಪಿಪಿಯಿಂದ ಹೊರಗೆ ಹೋಯಿತು. ಕೆಡಿಎಚ್ ಇಪಿಪಿಯಲ್ಲೇ ಇದೆ. ಆದರೆ ಅದಕ್ಕೆ ಓಟು ಹಾಕುವವರ ಮನೆಗಳಲ್ಲಿ ಈ ಎರಡೂ ಬಗೆಯ ಕ್ರೈಸ್ತರಿದ್ದಾರೆ.

ದೇಶದ ಪೂರ್ವ ತುದಿಗೆ ಹೋದರೆ ಈ ಇಬ್ಬಗೆ ಚೆನ್ನಾಗಿ ಕಾಣುತ್ತದೆ. ಉಕ್ರೇನ್ ಜೊತೆ ಸ್ಲೊವಾಕಿಯಾಗೆ ಇರುವ ಗಡಿ ನೂರು ಕಿಲೋಮೀಟರ್ ಕೂಡ ಇಲ್ಲ. ಅಲ್ಲಿ ವಿಷ್ನೆ ನೆಮೆತ್ಸ್‌ಕೆ ಎಂಬ ಹಳ್ಳಿಯ ಗಡಿ ಠಾಣೆ ಇದೆ. 2022ರ ಫೆಬ್ರವರಿ ಕೊನೆಯಲ್ಲಿ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಸಾಲುಗಟ್ಟಿ ಬಂದದ್ದು ಇಲ್ಲಿಗೆ. ಚರ್ಚಿನ ಸೇವಾ ಸಂಸ್ಥೆಗಳು ಟೆಂಟು ಹಾಕಿ ಬಿಸಿ ಸೂಪು, ಕಂಬಳಿ ಕೊಟ್ಟವು. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳೂ ಹೀಗೆ ಗಡಿ ದಾಟಿ, ಕೊಶಿತ್ಸೆ ನಗರದಿಂದ ಆಪರೇಷನ್ ಗಂಗಾ ವಿಮಾನ ಹತ್ತಿದರು. ಅದೇ ಮೂಲೆಯಲ್ಲಿ ವೆಲ್ಕೆ ಕಪುಶಾನಿ ಎಂಬ ಪಟ್ಟಣ. ಸೋವಿಯತ್ ಕಾಲದಿಂದ ರಷ್ಯಾದ ಗ್ಯಾಸ್ ಪೈಪು ದೇಶದೊಳಗೆ ಬರುತ್ತಿದ್ದ ಜಾಗ. 2025ರ ಜನವರಿ 1ಕ್ಕೆ ಉಕ್ರೇನ್ ಮೂಲಕ ಬರುತ್ತಿದ್ದ ಗ್ಯಾಸ್ ನಿಂತಿತು. ಸಾಗಣೆ ಶುಲ್ಕದ ಆದಾಯ ಹೋಯಿತೆಂದು ಫಿಕೊ ಕೆರಳಿದರು. ಉಕ್ರೇನಿಗೆ ತುರ್ತು ಕರೆಂಟು ಕೊಡುವುದನ್ನು ನಿಲ್ಲಿಸುತ್ತೇನೆ ಎಂದು ಬೆದರಿಸಿದರು. ಜುಲೈನಲ್ಲಿ ರಷ್ಯಾ ವಿರುದ್ಧ ಒಕ್ಕೂಟದ 18ನೇ ನಿರ್ಬಂಧ ಪಟ್ಟಿಯನ್ನು ಸ್ವಲ್ಪ ದಿನ ತಡೆಹಿಡಿದು, 18ರಂದು ಆ ತಡೆಯನ್ನು ಕೈಬಿಟ್ಟರು. ಸೂಪು ಕೊಟ್ಟ ಕೈಗೂ ಚಳಿಗಾಲದಲ್ಲಿ ಮನೆ ಬೆಚ್ಚಗಿರಬೇಕು, ಅದು ಸುಳ್ಳಲ್ಲ. ಗ್ಯಾಸ್ ಬಿಲ್ಲಿನ ಚಿಂತೆಯನ್ನು ದೇಶದ್ರೋಹ ಅನ್ನಲು ಬರುವುದಿಲ್ಲ. ಕೆಡಿಎಚ್‌ಗೆ ಗಟ್ಟಿ ಬೆಂಬಲ ಇರುವುದೂ ಪೂರ್ವದ ಪ್ರೆಶೊವ್ ಕಡೆಯ ಇಂಥ ಊರುಗಳಲ್ಲೇ.

ಫಿಕೊ ಬತ್ತಳಿಕೆಯಲ್ಲಿ ಇನ್ನೊಂದು ಚೂಪಾದ ಬಾಣ ಇದೆ: ಶಾಂತಿ. ನಾನು ಶಾಂತಿ ಕೇಳುತ್ತೇನೆ, ಅವರು ಶಸ್ತ್ರ ಕಳಿಸುತ್ತಾರೆ, ಹಾಗಾದರೆ ಯಾರು ಹೆಚ್ಚು ಕ್ರೈಸ್ತರು? ಎಡಪಂಥೀಯ ಪಕ್ಷದ ಮುಖಂಡ ಚರ್ಚಿನ ಭಾಷೆಯನ್ನು ಚರ್ಚಿನವರಿಗಿಂತ ಚೆನ್ನಾಗಿ ಬಳಸುತ್ತಾರೆ. ಅದಕ್ಕೆ ಸರಿಯಾಗಿ 2024ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಸಂದರ್ಶನವೊಂದರಲ್ಲಿ ಬಿಳಿ ಬಾವುಟ ಹಿಡಿದು ಮಾತುಕತೆಗೆ ಹೋಗುವ ಧೈರ್ಯ ಎಂಬ ಮಾತಾಡಿದರು. ಉಕ್ರೇನಿನ ಪರ ನಿಂತ ಕ್ಯಾಥೊಲಿಕರಿಗೆ ಇರುಸುಮುರುಸು. ಆದರೆ ಚರ್ಚಿನ ಬೋಧನೆ ಬರೀ 'ಹೊಡೆದಾಡಬೇಡಿ' ಅಷ್ಟೇ ಅಲ್ಲ. ಆಗಸ್ಟಿನ್, ಥಾಮಸ್ ಅಕ್ವಿನಾಸ್ ಎಂಬ ಹಳೆಯ ಕ್ರೈಸ್ತ ಚಿಂತಕರ ಕಾಲದಿಂದ ಅದು ಅನ್ಯಾಯಕ್ಕೆ ಒಳಗಾದವನ ಆತ್ಮರಕ್ಷಣೆಯನ್ನು ಒಪ್ಪಿದೆ. ನ್ಯಾಯವಿಲ್ಲದ ಶಾಂತಿ ನಿಲ್ಲುವುದಿಲ್ಲ ಎನ್ನುತ್ತದೆ. ಕೆಡಿಎಚ್‌ನ ಉಕ್ರೇನ್ ಪರ ನಿಲುವಿಗೆ ಆಧಾರ ಇದು. ಗಡಿಯನ್ನು ಬಲದಿಂದ ಬದಲಿಸಬಹುದು ಎಂದಾದರೆ ಮೊದಲು ಭಯಪಡಬೇಕಾದವರು 54 ಲಕ್ಷ ಜನರ ದೇಶದವರು. 2024ರ ವಸಂತದಲ್ಲಿ ಸರ್ಕಾರ ಕೊಡದ ಮದ್ದುಗುಂಡಿಗೆ ಸ್ಲೊವಾಕಿಯಾದ ಸಾಮಾನ್ಯ ಜನ ಚಂದಾ ಎತ್ತಿ 40 ಲಕ್ಷ ಯೂರೋ ದಾಟಿಸಿದ್ದು ನೋಡಿದರೆ, ಈ ವಾದ ಜನಕ್ಕೆ ತಲುಪಲೇ ಇಲ್ಲ ಅನ್ನಲಾಗದು.

ತಟಸ್ಥ ನೀತಿ ಕ್ರೈಸ್ತ ರಾಜಕೀಯಕ್ಕೆ ವಿರುದ್ಧವೇನೂ ಅಲ್ಲ ಎಂದು ಯಾರಾದರೂ ಕೇಳಿದರೆ ಆ ಮಾತಿನಲ್ಲಿ ಹುರುಳಿದೆ. ಪಕ್ಕದ ಆಸ್ಟ್ರಿಯಾ 1955ರಿಂದ ತಟಸ್ಥ. ಅಲ್ಲಿನ ಕ್ರಿಶ್ಚಿಯನ್ ಡೆಮಾಕ್ರಾಟರು ಅದರೊಂದಿಗೇ ಬಾಳಿದ್ದಾರೆ. ಆದರೆ ಆಸ್ಟ್ರಿಯಾದ ಸುತ್ತ ಇರುವುದು ನೇಟೋ ದೇಶಗಳು, ಸ್ವಿಟ್ಜರ್ಲೆಂಡ್ ಮತ್ತು ಲಿಕ್ಟೆನ್‌ಸ್ಟೈನ್. ಸ್ಲೊವಾಕಿಯಾದ ಪಕ್ಕದ ಮನೆಯಲ್ಲಿ ಯುದ್ಧ ನಡೆಯುತ್ತಿದೆ. ಬೇಲಿ ಹಾಕಿಕೊಟ್ಟವರು ಬೇರೆಯವರಾದಾಗ ತಟಸ್ಥವಾಗಿರುವುದು ಸುಲಭ.

ಇಲ್ಲಿಯವರೆಗೆ ಕೆಡಿಎಚ್ ವಾದ ಗಟ್ಟಿಯಾಗಿದೆ. ಈಗ ಕೊಡಲಿಯ ವಿಷಯ.

2006ರಲ್ಲಿ ಕೆಡಿಎಚ್ ಜುರಿಂದಾ ಸರ್ಕಾರದಲ್ಲಿತ್ತು. ವ್ಯಾಟಿಕನ್ ಜೊತೆ ಒಂದು ಒಪ್ಪಂದ ಆಗಬೇಕು ಎಂದು ಪಟ್ಟು ಹಿಡಿಯಿತು. ಗರ್ಭಪಾತದಂಥ ಕೆಲಸಕ್ಕೆ ಮನಸ್ಸಾಕ್ಷಿ ಒಪ್ಪದ ಡಾಕ್ಟರು, ನರ್ಸುಗಳು ಹಿಂದೆ ಸರಿಯಬಹುದು ಎಂಬ ಒಪ್ಪಂದ. ಜುರಿಂದಾ ಒಪ್ಪಲಿಲ್ಲ. ಫೆಬ್ರವರಿಯಲ್ಲಿ ಕೆಡಿಎಚ್ ಹೊರಗೆ ಬಂತು, ಚುನಾವಣೆ ಜೂನ್‌ಗೆ ಮುಂಚಿತವಾಯಿತು, ಗೆದ್ದು ಬಂದವರು ಫಿಕೊ, ಮೊದಲ ಸಲ ಪ್ರಧಾನಿಯಾಗಿ. ಅದೂ ಮೆಚಿಯಾರ್ ಪಕ್ಷವನ್ನು ಜೊತೆಗಿಟ್ಟುಕೊಂಡು. ಅವಧಿ ಮುಗಿಯಲು ಹೇಗೂ ಕೆಲವೇ ತಿಂಗಳಿತ್ತು. ಹಾಗಾಗಿ ಫಿಕೊ ಗೆದ್ದದ್ದೇ ಇವರಿಂದ ಅಂದರೆ ಜಾಸ್ತಿಯಾಯಿತು. ಆದರೂ ಒಂದು ಪಾಠ ಫಿಕೊಗೆ ಅವತ್ತೇ ಸಿಕ್ಕಿರಬೇಕು. ಈ ಪಕ್ಷವನ್ನು ಮಿತ್ರರಿಂದ ಬೇರ್ಪಡಿಸಲು ಯಾವ ಜಾಗದಲ್ಲಿ ಉಗುರು ಹಾಕಬೇಕು ಎಂಬುದು.

2025ರಲ್ಲಿ ಅಲ್ಲೇ ಉಗುರು ಹಾಕಿದರು. ವರ್ಷದ ಆರಂಭದಲ್ಲಿ ಸಾವಿರಾರು ಜನ 'ಸ್ಲೊವಾಕಿಯಾ ಅಂದರೆ ಯುರೋಪ್' ಎಂದು ಬೀದಿಗಿಳಿದಿದ್ದರು. ಜನವರಿ 24ರಂದು ಬ್ರಾಟಿಸ್ಲಾವಾ ಒಂದರಲ್ಲೇ ಸುಮಾರು 60 ಸಾವಿರ. ಫಿಕೊ ವಿರುದ್ಧ ವಿರೋಧ ಪಕ್ಷಗಳು ಒಂದಾಗುತ್ತಿದ್ದವು. ಆಗ ಅವರು ಸಂವಿಧಾನ ತಿದ್ದುಪಡಿ ತಂದರು. ಗಂಡು, ಹೆಣ್ಣು ಎರಡೇ ಲಿಂಗ, ದತ್ತು ಮುಖ್ಯವಾಗಿ ವಿವಾಹಿತ ದಂಪತಿಗೆ, ಬಾಡಿಗೆ ತಾಯ್ತನಕ್ಕೆ ನಿಷೇಧ. ಜೊತೆಗೆ ಇನ್ನೊಂದು ಸಾಲು: ಕುಟುಂಬ, ಜೀವ, ಸಂಸ್ಕೃತಿಯಂಥ ರಾಷ್ಟ್ರೀಯ ಅಸ್ಮಿತೆಯ ವಿಷಯಗಳಲ್ಲಿ ಸ್ಲೊವಾಕಿಯಾದ ಮಾತೇ ಕೊನೆ. 150 ಸದಸ್ಯರ ಸಂಸತ್ತಿನಲ್ಲಿ 90 ಮತ ಬೇಕಿತ್ತು. ಫಿಕೊ ಬಳಿ ಅಷ್ಟಿರಲಿಲ್ಲ. ಸೆಪ್ಟೆಂಬರ್ 26ರಂದು ಸರಿಯಾಗಿ 90 ಬಿತ್ತು. ಕೊರತೆ ತುಂಬಿಸಿದವರಲ್ಲಿ ಜಾಸ್ತಿ ಜನ ಕೆಡಿಎಚ್ ಸಂಸದರು.

ಕೆಡಿಎಚ್ ತನ್ನ ತತ್ವ ಮಾರಿಕೊಂಡಿತು ಎಂದು ನಾನು ಹೇಳುವುದಿಲ್ಲ. ಈ ಬೇಡಿಕೆಗಳು ಅದರ ಪ್ರಣಾಳಿಕೆಯವೇ. ಕೆಳಗಿನವರ ಕೆಲಸ ಮೇಲಿನವರು ಕಿತ್ತುಕೊಳ್ಳಬಾರದು ಎಂಬ ಹಳೆಯ ಸೂತ್ರವೂ ಅದರ ಬೆಂಬಲಕ್ಕಿದೆ. ಮದುವೆ ಎಂದರೇನು ಎಂದು ಬ್ರಸೆಲ್ಸ್ ಯಾಕೆ ಹೇಳಬೇಕು? ನ್ಯಾಯವಾದ ಪ್ರಶ್ನೆ. ಆದರೆ ಆ ಸೂತ್ರ ಹೇಳುವುದು ಯಾವ ಕೆಲಸ ಯಾರದು ಎಂದು ಕಾನೂನಿನೊಳಗೆ ಹಂಚಿಕೊಳ್ಳಿ ಅಂತ. ನಮಗೆ ಬೇಕಾದಾಗ ಕಾನೂನಿನಿಂದ ಆಚೆ ನಿಲ್ಲುತ್ತೇವೆ ಎಂದು ಅದು ಹೇಳುವುದಿಲ್ಲ. 'ರಾಷ್ಟ್ರೀಯ ಅಸ್ಮಿತೆ' ಎಂಬ ಚೀಲಕ್ಕೆ ಅಳತೆ ಇಲ್ಲ. ಇವತ್ತು ಅದರಲ್ಲಿ ದತ್ತು ಕಾನೂನು ಹಾಕಿದವರು ನಾಳೆ ಏನು ಹಾಕುತ್ತಾರೆ? ಆ ಚೀಲದ ಬಾಯಿ ಈಗ ಫಿಕೊ ಕೈಯಲ್ಲಿದೆ. 2025ರ ನವೆಂಬರ್‌ನಲ್ಲೇ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ ಇದೇ ವಿಷಯಕ್ಕೆ ಸ್ಲೊವಾಕಿಯಾಗೆ ನೋಟಿಸು ಕೊಟ್ಟಿತು. ಮಾಸ್ಕೋ ಯಾತ್ರೆಯನ್ನು ಖಂಡಿಸಿದ ಪಕ್ಷ, ಒಕ್ಕೂಟದ ಕಾನೂನಿನ ವಿರುದ್ಧ ಸರ್ಕಾರದ ಜೊತೆ ಒಂದೇ ಬೆಂಚಿನಲ್ಲಿ ಕೂತಂತಾಯಿತು.

ಪಕ್ಷದ ಅಧ್ಯಕ್ಷ ಮಿಲಾನ್ ಮಾಯೆರ್ಸ್ಕಿ ಅವರ ಪರಿಸ್ಥಿತಿಯೂ ಸುಲಭದ್ದಲ್ಲ. 2016ರಲ್ಲಿ ಕೆಡಿಎಚ್‌ಗೆ ಸಿಕ್ಕಿದ್ದು ಶೇ 4.94 ಮತ. ಸಂಸತ್ತಿಗೆ ಬರಲು ಶೇ 5 ಬೇಕು. 2020ರಲ್ಲೂ ಸಿಗಲಿಲ್ಲ. 2023ರಲ್ಲಿ ಶೇ 6.82 ಪಡೆದು 12 ಸ್ಥಾನಗಳೊಂದಿಗೆ ಒಳಗೆ ಬಂತು. ಈ ತಿದ್ದುಪಡಿಗೆ ಬೇಡ ಎಂದಿದ್ದರೆ ಭಾನುವಾರ ಚರ್ಚಿಗೆ ಹೋಗುವ ಮತದಾರರು ಫಿಕೊ ಕಡೆಗೋ ಇನ್ನೂ ಬಲಕ್ಕಿರುವವರ ಕಡೆಗೋ ಹೋಗುತ್ತಿದ್ದರು. ಅದು ಗೊತ್ತಿದ್ದೇ ಫಿಕೊ ಬಲೆ ಬೀಸಿದ್ದು.

ಮುಂದಿನ ಚುನಾವಣೆ 2027ರಲ್ಲಿ ಬರಬೇಕು. 150ರಲ್ಲಿ 76 ಸ್ಥಾನ ಬೇಕು. ಫಿಕೊ ಇಲ್ಲದ ಸರ್ಕಾರ ಆಗಬೇಕಾದರೆ ವಿರೋಧ ಪಕ್ಷಗಳಲ್ಲಿ ದೊಡ್ಡದಾದ, ಉದಾರವಾದಿ ಪ್ರೊಗ್ರೆಸಿವ್ ಸ್ಲೊವಾಕಿಯಾ ಮತ್ತು ಕೆಡಿಎಚ್ ಒಂದೇ ಮೇಜಿಗೆ ಕೂರಬೇಕಾಗಬಹುದು. ಉಕ್ರೇನ್, ನೇಟೋ, ಯೂರೋ, ರಷ್ಯಾ ಗ್ಯಾಸಿನಿಂದ ಹೊರಬರುವುದು, ಇವುಗಳಲ್ಲಿ ಇಬ್ಬರಿಗೂ ದೊಡ್ಡ ಭಿನ್ನಾಭಿಪ್ರಾಯ ಇಲ್ಲ. ಜಗಳ ಇರುವುದು ಆ ತಿದ್ದುಪಡಿಯ ಒಂದು ಸಾಲಿನಲ್ಲಿ. ಅದನ್ನು ತೆಗೆಯಲು ಮತ್ತೆ 90 ಮತ ಬೇಕು. ತೆಗೆಯದೆ ಬಿಟ್ಟರೆ ಹೊಸ ಸರ್ಕಾರದ ವಿದೇಶಾಂಗ ಮಂತ್ರಿ ಬ್ರಸೆಲ್ಸ್‌ಗೆ ಹೋದಾಗಲೆಲ್ಲ ಮೊದಲು ಉತ್ತರಿಸಬೇಕಾದ್ದು ಅದಕ್ಕೇ.